ಹೊಸದುರ್ಗದ ಬೆಂಚು

ಅವರ ಬಲಗೈಯ ಉಂಗುರಬೆರಳಿನ ತುದಿ ಯಾವಾಗಲೂ ತಣ್ಣಗಿರುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ದುರ್ಗದ ಬಂಡೆಗಳ ಕಾವೆಲ್ಲ ಊರೊಳಗೆ ಇಳಿದು, ಆಸ್ಪತ್ರೆಯ ಕಬ್ಬಿಣದ ಬೆಂಚು ಸೀರೆಯ ಮೂಲಕವೇ ಚುರುಗುಟ್ಟುವಾಗಲೂ ಆ ಬೆರಳು ಮಾತ್ರ ಈಗಷ್ಟೇ ಮಡಕೆಯ ನೀರಿನಲ್ಲಿ ಅದ್ದಿ ತೆಗೆದಂತಿರುತ್ತಿತ್ತು. ಅದು ಕೆಳರೆಪ್ಪೆಯನ್ನು ಒಂದು ಎಳೆಯಷ್ಟು ಕೆಳಗೆ ಜಗ್ಗುತ್ತಿತ್ತು. "ಮೇಲೆ ಫ್ಯಾನ್ ನೋಡ್ರಿ. ಎಷ್ಟು ರೆಕ್ಕೆ ಅವೆ ಹೇಳ್ರಿ" ಎನ್ನುತ್ತಿದ್ದರು. ನಾವು ರೆಕ್ಕೆ ಎಣಿಸುವಷ್ಟರಲ್ಲಿ ಹನಿ ಬಿದ್ದಾಗಿರುತ್ತಿತ್ತು.

ಉಂಗುರಬೆರಳೇ ಏಕೆಂದು ಒಮ್ಮೆ ಕೇಳಿದ್ದೆ. "ತೋರುಬೆರಳಿಗೆ ಸಿಟ್ಟು ಜಾಸ್ತಿ, ಹೆಬ್ಬೆಟ್ಟಿಗೆ ಗತ್ತು. ಇದೊಂದು ಪಾಪದ್ದು, ಎಲ್ಲೂ ಒತ್ತಲ್ಲ" ಎಂದು ಆ ಬೆರಳನ್ನು ತಮ್ಮದಲ್ಲವೇನೋ ಎಂಬಂತೆ ನೋಡಿಕೊಂಡು ನಕ್ಕಿದ್ದರು.

ಅವರು ನಮ್ಮೂರು ದುರ್ಗದ ಒಂದು ಕಣ್ಣಾಸ್ಪತ್ರೆಯ ಹಿರಿಯ ನರ್ಸ್. ಎಲ್ಲರಿಗೂ ಅವರು ಸಿಸ್ಟರಮ್ಮ, ನನಗೆ ಸಿಸ್ಟರ್. ಕಾನ್ವೆಂಟಿನಲ್ಲಿ ಓದಿದ ನನ್ನ ಮನಸ್ಸಿನಲ್ಲಿ ಸಿಸ್ಟರ್ ಎಂದರೆ ಬಿಳಿಯ ನಿಲುವಂಗಿ, ಕೈಯಲ್ಲೊಂದು ಸ್ಕೇಲು, ಸಾಲು ತಪ್ಪಿದರೆ ಮೊಣಕೈಗೆ ಒಂದು ಪೆಟ್ಟು. ಇವರು ಹಾಗಿರಲಿಲ್ಲ. ಗುಂಡಗಿನ ಕುಳ್ಳನೆಯ ದೇಹ, ಹಣೆಯಲ್ಲಿ ಬೆವರಿಗೆ ಅರ್ಧ ಅಳಿಸಿದ ವಿಭೂತಿ, ಜೇಬಿನಲ್ಲಿ ಪುಟ್ಟ ಟಾರ್ಚು. ಹೊಳಲ್ಕೆರೆಯಲ್ಲಿ ಅವರ ಮನೆ; ದಿನಾ ಬಸ್ಸಿನಲ್ಲಿ ಓಡಾಟ. ಬೆಳಗಿನ ಬಸ್ಸಿನ ಕಂಡಕ್ಟರು, ಅವರು ಸೊಂಟ ಹಿಡಿದುಕೊಂಡು ರಸ್ತೆ ದಾಟುವವರೆಗೂ ಸೀಟಿ ಊದದೆ ಕಾಯುತ್ತಾನೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಹಾಗಾಗಿ ಜಿಲ್ಲೆಯ ಯಾವ ಊರಿಗೆ ಯಾವ ಬಸ್ಸು ಎಷ್ಟು ಹೊತ್ತಿಗೆ ಎಂಬುದು ಅವರಿಗೆ ಬಾಯಿಪಾಠ. ರೋಗಿ ಬಾಗಿಲಿಗೆ ಬಂದರೆ ಅವರು ಮೊದಲು ಕೇಳುತ್ತಿದ್ದುದು ಹೆಸರನ್ನಲ್ಲ, ಕಾಯಿಲೆಯನ್ನಲ್ಲ.

"ಯಾವ ಬಸ್ಸಿಗೆ ವಾಪಸ್ ಹೋಗ್ತೀರಿ?"

ನಾನು ಅಲ್ಲಿಗೆ ಹೋಗಲು ಶುರು ಮಾಡಿದ್ದು ನಮ್ಮ ಅತ್ತೆಯವರ ಕಣ್ಣಿಗಾಗಿ. ಅತ್ತೆ ಭರಮಸಾಗರದ ಹೆಣ್ಣು, ಮಾತು ನೇರ. ಅವರಿಗೆ ಕಣ್ಣಿನ ಒತ್ತಡದ ಕಾಯಿಲೆ, ಡಾಕ್ಟರು ಗ್ಲಾಕೋಮಾ ಎನ್ನುತ್ತಿದ್ದುದು. ತಿಂಗಳಿಗೊಮ್ಮೆ ತೋರಿಸಬೇಕಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಿನ ದಿನಗಳು ಅವು. ಆಸ್ಪತ್ರೆಯ ವರಾಂಡದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. "ಇದೇನು ಜನ, ಎಲ್ಲರ ಕಣ್ಣೂ ಒಟ್ಟಿಗೇ ಕೆಟ್ವಾ?" ಎಂದು ಅತ್ತೆ ಗೊಣಗಿದಾಗ ಸಿಸ್ಟರ್ ಹೇಳಿದ್ದರು: "ಕಣ್ಣು ಮೊದ್ಲೂ ಮಂಜಾಗೇ ಇದ್ವು ಕಣಜ್ಜಿ. ಈಗ ಬಸ್ಸು ಸಿಕ್ಕೈತೆ, ಅಷ್ಟೆ."

ಒಬ್ಬರೇ ಡಾಕ್ಟರು. ಊರೊಳಗಿನ ನಮ್ಮಂಥವರು ಬೆಳಿಗ್ಗೆ ಎಂಟಕ್ಕೇ ಹೋಗಿ ಟೋಕನ್ ತೆಗೆದುಕೊಂಡು ಕೂರುತ್ತಿದ್ದೆವು. ಹಿರಿಯೂರು, ಹೊಸದುರ್ಗದ ಕಡೆಯ ಹಳ್ಳಿಗಳವರು ಎರಡು ಬಸ್ಸು ಬದಲಿಸಿ ಬರುವಾಗ ಹನ್ನೊಂದಾಗುತ್ತಿತ್ತು. ಅಷ್ಟೊತ್ತಿಗೆ ಟೋಕನ್ ಐವತ್ತು ದಾಟಿರುತ್ತಿತ್ತು. ಕಣ್ಣಿನ ಪರೀಕ್ಷೆಯೆಂದರೆ ಒಂದೇ ಬಾಗಿಲಿನದಲ್ಲ. ಗೋಡೆಯ ಅಕ್ಷರ ಓದಬೇಕು, ಒತ್ತಡ ಅಳೆಸಬೇಕು, ಪಾಪೆ ಅರಳಿಸುವ ಹನಿ ಹಾಕಿಸಿಕೊಂಡು ಅರ್ಧ ಗಂಟೆ ಕಣ್ಣು ಮುಚ್ಚಿ ಕೂರಬೇಕು, ಆಮೇಲೆ ಡಾಕ್ಟರ ಮುಂದೆ. ಹಳ್ಳಿಯವರ ಕಣ್ಣು ಅರಳುವ ಹೊತ್ತಿಗೆ ಅವರ ಬಸ್ಸು ಹೊರಟಿರುತ್ತಿತ್ತು.

ಒಂದು ಸಲ ಆದಿವಾಲದ ಕಡೆಯ ಮುದುಕರೊಬ್ಬರು ಅರಳಿದ ಕಣ್ಣಿನಲ್ಲೇ ಬಸ್‌ಸ್ಟ್ಯಾಂಡಿಗೆ ಹೋಗಿ, ಬೋರ್ಡು ಓದಲಾಗದೆ, ಹಿರಿಯೂರಿನ ಬಸ್ಸೆಂದು ದಾವಣಗೆರೆಯ ಬಸ್ಸು ಹತ್ತಿದ್ದರಂತೆ. ಆ ಸುದ್ದಿ ಕೇಳಿದ ದಿನ ಸಿಸ್ಟರ್‌ಗೆ ಊಟ ಸೇರಲಿಲ್ಲವಂತೆ. "ದಾರಿ ತಪ್ಪಿಸಿದ್ದು ನಾನು ಹಾಕಿದ ಹನಿ ಅಲ್ವೇನ್ರಿ?" ಎಂದಿದ್ದರು ನನ್ನೊಡನೆ.

ಆ ತಿಂಗಳೇ ಅವರು ಮೂರು ರಟ್ಟಿನ ತುಂಡು, ಒಂದು ದಪ್ಪ ಪೆನ್ನು ತಂದು ನನ್ನ ಮಡಿಲಲ್ಲಿಟ್ಟರು. "ನಿಮ್ಮ ಅಕ್ಷರ ಮುತ್ತಿನಂಗೆ ಐತೆ. ಮೂರು ಊರಿನ ಹೆಸರು ಬರ್ದುಕೊಡ್ರಿ." ನಾನು ಹಿಗ್ಗಿಬಿಟ್ಟೆ. ಕಾನ್ವೆಂಟಿನಲ್ಲಿ ನಾಲ್ಕು ಗೆರೆಯ ಪುಸ್ತಕದಲ್ಲಿ ತಿದ್ದಿ ತಿದ್ದಿ ಬಂದ ಕೈ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ಗುಂಡಗೆ ಬರೆದು, ಕೆಳಗೊಂದು ಬಳ್ಳಿಯನ್ನೂ ಎಳೆದುಕೊಟ್ಟೆ. ಏತಕ್ಕೆ ಎಂದು ಕೇಳಲಿಲ್ಲ.

ಏತಕ್ಕೆ ಎಂಬುದು ಮುಂದಿನ ತಿಂಗಳು ತಿಳಿಯಿತು. ಮೂರು ಬೆಂಚುಗಳ ಮೇಲೆ ನನ್ನ ಮೂರು ಬೋರ್ಡುಗಳು ತೂಗುತ್ತಿದ್ದವು. ಹನ್ನೊಂದರ ಬಸ್ಸುಗಳವರು ಬಂದು ಅವರವರ ಬೆಂಚಿನಲ್ಲಿ ಕುಳಿತರು. ಸಿಸ್ಟರ್ ಅವರ ಕೈಯಲ್ಲಿ ಅಲ್ಲೇ ಅಕ್ಷರ ಓದಿಸಿ, ಟಾರ್ಚು ಬಿಟ್ಟು ನೋಡಿ, ಒತ್ತಡ ಅಳೆದು, ಹಾಕಬಹುದಾದವರಿಗೆ ಹನಿ ಹಾಕಿದರು. ಹುಬ್ಬಿನ ಮೇಲೆ ಬಿಳಿ ಪ್ಲಾಸ್ಟರಿನ ಚೂರು ಅಂಟಿಸಿ ಹನಿ ಹಾಕಿದ ಹೊತ್ತು ಬರೆದರು. ಅವರ ಕಣ್ಣು ಅರಳುತ್ತಿರುವಾಗ ಒಳಗೆ ಡಾಕ್ಟರು ಊರಿನವರನ್ನು ನೋಡುತ್ತಿದ್ದರು. ಬೇಗನೆ ಬಸ್ಸಿದ್ದವರ ಕಣ್ಣು ಅರಳಿತೋ, ಅವರು ನಡುವೆ ಒಳಗೆ ಹೋಗುತ್ತಿದ್ದರು.

ಆ ನಡುವೆ ಸಿಕ್ಕಿಕೊಂಡಿದ್ದು ನಮ್ಮ ಟೋಕನ್. ಅಂದು ಡಾಕ್ಟರು ತಡವಾಗಿ ಬಂದಿದ್ದರು. ನಮ್ಮದು ನಾಲ್ಕನೆಯ ನಂಬರು; ಕಣ್ಣೆದುರೇ ಮೂರು ಜನ ಹಳ್ಳಿಯವರು ಒಳಹೋದರು. ಅತ್ತೆಗೆ ಹಸಿವು, ಬಿಪಿ ಮಾತ್ರೆಯ ಹೊತ್ತು. "ನಾಲ್ಕು ಅಂದ್ರೆ ಮೂರಾದ ಮೇಲೆ ಬರೋದು ಅಂತ ನಿಮ್ಮ ಕಾನ್ವೆಂಟಲ್ಲಿ ಹೇಳಿಕೊಟ್ಟಿಲ್ವೇನೇ? ಹೋಗಿ ಕೇಳಬಾರದಾ?" ಎಂದರು. ಎದ್ದು ಕೇಳುವ ಧೈರ್ಯ ನನಗಿಲ್ಲ. ಜೋರಾಗಿ ಮಾತಾಡಿ ಗೊತ್ತಿಲ್ಲದವಳು ನಾನು. ಅದಕ್ಕೆ ಪರ್ಸಿನಿಂದ ಹಾಳೆ ತೆಗೆದು, ಸಾಲು ಎಂದರೆ ಸಾಲು, ಮೊದಲು ಬಂದವರಿಗೆ ಮೊದಲು ಎಂಬುದೇ ನ್ಯಾಯ, ಇಲ್ಲಿ ಅದು ನಡೆಯುತ್ತಿಲ್ಲ ಎಂದು ಬಹಳ ಮರ್ಯಾದೆಯಿಂದ ಒಂದು ಪುಟ ಬರೆದು, ಹೆಸರು ಹಾಕದೆ, ಬಾಗಿಲ ಪಕ್ಕದ ಸಲಹೆ ಪೆಟ್ಟಿಗೆಯಲ್ಲಿ ಹಾಕಿದೆ. ಹಾಕುವಾಗ ಆಚೀಚೆ ನೋಡಿದೆ. ಯಾರೂ ನೋಡಲಿಲ್ಲವೆಂದು ಸಮಾಧಾನವಾಯಿತು. ತಲೆಯ ಮೇಲೆ ಅದೇ ಅಕ್ಷರದ ಮೂರು ಬೋರ್ಡುಗಳು ತೂಗುತ್ತಿವೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಮುಂದಿನ ಸಲ ಹೋದಾಗ ಬೋರ್ಡುಗಳಿರಲಿಲ್ಲ. ಹಗ್ಗದ ತುಂಡು ಮಾತ್ರ ಮೊಳೆಯಲ್ಲಿತ್ತು. ದೂರು ಬಂದಿದೆ, ಇನ್ನು ಅಕ್ಷರ ಓದಿಸುವುದರಿಂದ ಹಿಡಿದು ಎಲ್ಲವೂ ಟೋಕನ್ ಪ್ರಕಾರವೇ ಎಂದು ಡಾಕ್ಟರು ಹೇಳಿದ್ದರಂತೆ. ಅಂದೂ ಡಾಕ್ಟರು ತಡವಾಗಿ ಬಂದು, ಆಮೇಲೇ ನಂಬರು ಕೂಗಲು ಶುರುವಾಯಿತು; ನಮ್ಮದು ಆರನೆಯದು. ಮೊದಲ ಐದು ಜನರ ಕಣ್ಣು ಅರಳುವವರೆಗೂ ಡಾಕ್ಟರು ಒಳಗೆ ಸುಮ್ಮನೆ ಪೆನ್ನು ತಿರುಗಿಸುತ್ತ ಕುಳಿತಿದ್ದುದು ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಹೊರಗೆ ಕಾಲಿಡಲು ಜಾಗವಿಲ್ಲ. ಸಿಸ್ಟರ್ ಯಾರೊಂದಿಗೂ ಹೆಚ್ಚು ಮಾತಾಡದೆ ನಂಬರು ಕೂಗುತ್ತಿದ್ದರು. ಯಾವ ಬಸ್ಸು ಎಂದು ಯಾರನ್ನೂ ಕೇಳಲಿಲ್ಲ.

ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಬಂದು ಕುಳಿತರು. ಹೊಸದುರ್ಗಕ್ಕೂ ಆಚೆಯ ಹಳ್ಳಿ. ತೆಂಗಿನ ಗರಿ ಸೀಳಿ ಪೊರಕೆ ಕಟ್ಟುವ ಕೆಲಸ. ಬೆರಳ ತುಂಬ ಸಣ್ಣ ಸಣ್ಣ ಗೀರು. ಎಡಗಣ್ಣು ಬೆಳ್ಳಗೆ ನಿಂತುಹೋಗಿತ್ತು.

"ಇದು ಹೋಗಿ ವರ್ಷಾತು ಕಣಮ್ಮ. ಈಗ ಇದೂ ಮಸುಕು" ಎಂದು ಬಲಗಣ್ಣು ಮುಟ್ಟಿಕೊಂಡರು. "ಸಂಜೆ ದೀಪ ಹಚ್ಚಿದ್ರೆ ದೀಪದ ಸುತ್ತ ಬಳೆ ಕಂಡಂಗೆ ಕಾಣ್ತೈತೆ. ಹಣೆ ಸಿಡೀತೈತೆ. ಈ ತಿಂಗಳಲ್ಲೇ ಎರಡು ಸಲ ಬಂದೆ, ನನ್ನ ನಂಬರು ಬರೋದ್ರೊಳಗೆ ಬಸ್ಸಿನ ಹೊತ್ತಾತು, ಹೋದೆ."

ಟೋಕನ್ ತೋರಿಸಿದರು. ಅರವತ್ತೆರಡು. ಎರಡೂವರೆಯ ಬಸ್ಸು ತಪ್ಪಿದರೆ ಹೊಸದುರ್ಗದಿಂದ ಅವರ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಸಿಗುವುದಿಲ್ಲ.

"ನಮ್ಮ ಪಕ್ಕದ ಮನೆಯಾಕಿ ಹೇಳಿದ್ಲು, ಅಲ್ಲಿ ಹೊಸದುರ್ಗದ ಬೆಂಚು ಅಂತ ಐತೆ, ಅದ್ರಾಗೆ ಕುಂತ್ರೆ ಬಸ್ಸಿನೊಳಗೆ ಬಿಟ್ಟುಬಿಡ್ತಾರೆ ಅಂತ. ಬಂದ್ರೆ ಬೆಂಚೇ ಇಲ್ಲ. ಯಾರೋ ಕಾಗ್ದ ಬರದ್ರಂತೆ." ಟೋಕನ್ನನ್ನು ಬೆರಳಲ್ಲಿ ಸವರುತ್ತ, "ಪಾಪ, ಅವರಿಗೆ ಏನು ಅವಸರ ಇತ್ತೋ" ಎಂದರು.

ಅದನ್ನು ಅವರು ಬೈಗುಳವಾಗಿ ಹೇಳಲಿಲ್ಲ. ನಿಜವಾಗಿಯೂ ಮರುಕದಿಂದಲೇ ಹೇಳಿದರು. ದೀಪದ ಸುತ್ತ ಬಳೆ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅತ್ತೆಯ ಬಾಯಲ್ಲೇ. ಅದು ಕಣ್ಣಿನ ಒತ್ತಡ ಏರಿದ ಗುರುತು, ತಡಮಾಡಿದರೆ ಕಣ್ಣೇ ಹೋಗುತ್ತದೆ ಎಂದು ಡಾಕ್ಟರು ನಮಗೆ ಬಿಡಿಸಿ ಹೇಳಿದ್ದರು.

ಅತ್ತೆಯತ್ತ ತಿರುಗಿ, "ನಮ್ಮ ಚೀಟಿ..." ಎಂದೆ. ಮುಂದೆ ಹೇಳಬೇಕಾಗಲಿಲ್ಲ.

"ಕೊಡೇ, ಕೊಡು. ನನಗೇನು ಬಸ್ಸೈತಾ? ಮನೇಲಿ ಕುಂತ್ರೂ ಕುಂತಂಗೇ, ಇಲ್ಲಿ ಕುಂತ್ರೂ ಕುಂತಂಗೇ" ಎಂದು ನನ್ನ ಕೈಯಿಂದ ಟೋಕನ್ ಕಿತ್ತು ಅಜ್ಜಿಯ ಕೈಗಿಟ್ಟು, ಅವರ ಅರವತ್ತೆರಡನ್ನು ತಮ್ಮ ಸೆರಗಿಗೆ ಗಂಟು ಹಾಕಿಕೊಂಡರು. "ತಿಂಡಿ ಡಬ್ಬಿ ತಂದಿದೀಯೋ ಇಲ್ವೋ?"

ಆರು ಎಂದು ಕೂಗಿದಾಗ ಅಜ್ಜಿಯನ್ನು ಕೈಹಿಡಿದು ನಾನೇ ಕರೆದುಕೊಂಡು ಹೋದೆ. ಸಿಸ್ಟರ್ ಅವರ ಕಣ್ಣಿಗೆ ಪಕ್ಕದಿಂದ ಟಾರ್ಚು ಬಿಟ್ಟರು. ಮುಖ ಬದಲಾಯಿತು. ಒತ್ತಡ ಅಳೆದರು. ಹನಿಯ ಬಾಟಲಿಯನ್ನು ದೂರ ಸರಿಸಿಟ್ಟು, "ಈ ಕಣ್ಣಿಗೆ ಅರಳಿಸೋ ಹನಿ ಹಾಕಂಗಿಲ್ಲ, ಒತ್ತಡ ಇನ್ನೂ ಏರ್ತೈತೆ" ಎಂದವರೇ ನಂಬರುಗಿಂಬರು ನೋಡದೆ ಅಜ್ಜಿಯನ್ನು ನೇರ ಡಾಕ್ಟರ ಕೋಣೆಗೆ ನಡೆಸಿದರು. ಒತ್ತಡ ಇಳಿಸಲು ಔಷಧಿ ಕೊಟ್ಟು, ಆಮೇಲೆ ಲೇಸರ್ ಮಾಡಿದರು. ಬಹಳ ಹೊತ್ತು ಹಿಡಿಯಿತು. ಇನ್ನೊಂದು ಸಲ ವಾಪಸ್ ಹೋಗಿದ್ದರೆ ಈ ಕಣ್ಣೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನು ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ. ಎರಡು ಗಂಟೆಗೆ ಅಜ್ಜಿ ಹೊರಬಂದಾಗ ಸಿಸ್ಟರ್ ಆಟೋ ಕರೆಸಿ, ಕಂಡಕ್ಟರಿಗೆ ಹೇಳಿ ಕೂರಿಸಬೇಕೆಂದು ಆಟೋದವನಿಗೆ ಎರಡೆರಡು ಸಲ ಹೇಳಿ ಕಳಿಸಿದರು.

ಆಮೇಲೆ ನಾನು ಅವರ ಮೇಜಿನ ಮುಂದೆ ಹೋಗಿ ನಿಂತೆ. "ಸಿಸ್ಟರ್, ಆ ಕಾಗದ..."

"ಗೊತ್ತು ಕಣ್ರಿ."

ಮೇಜಿನ ಡ್ರಾಯರ್ ಎಳೆದರು. ಮೂರು ಬೋರ್ಡುಗಳೂ, ಅವುಗಳ ಮೇಲೆ ನನ್ನ ಕಾಗದವೂ ಒಟ್ಟಿಗೆ ಇದ್ದವು. "ಡಾಕ್ಟರು ಓದಂತ ಕೊಟ್ರು. ನಾನು ಓದೋಕ್ಕೆ ಮೊದ್ಲು ಬೋರ್ಡು ನೋಡ್ದೆ. ಇಷ್ಟು ಗುಂಡಗೆ ಬೈಯೋರು ಈ ಜಿಲ್ಲೇಲಿ ಇನ್ನೊಬ್ರಿಲ್ಲ."

ನನಗೆ ಅಳು ಬಂತು. ಅವರಿಗೆ ನಗು.

"ಯಾಕೆ ಡಾಕ್ಟರಿಗೆ ಹೇಳಲಿಲ್ಲ ನೀವು?"

"ಏನಂತ ಹೇಳ್ಲಿ? ನೀವು ಬರೆದಿದ್ದು ಸುಳ್ಳಲ್ವಲ್ಲ. ನಿಮ್ಮತ್ತೆ ಹಸ್ಕೊಂಡು ಕುಂತಿದ್ದು ಖರೇನೇ. ನಾನೇ ಒಂದು ಮಾತು ಹೇಳಿ ಕೂರಿಸಬೇಕಿತ್ತು." ಮತ್ತೆ ದಪ್ಪ ಪೆನ್ನು ನನ್ನತ್ತ ತಳ್ಳಿದರು. "ಹೋಗ್ಲಿ ಬಿಡ್ರಿ. ಬರೆದ ಕೈಯಾಗೇ ಇನ್ನೊಂದು ಬರೀರಿ. ಈ ಸಲ ಹೆಸರು ಹಾಕ್ರಿ."

ಬರೆದೆ. ಹೆಸರೂ ಹಾಕಿದೆ. ಒಳಗೆ ಪೆನ್ನು ತಿರುಗಿಸುತ್ತ ಕುಳಿತ ಡಾಕ್ಟರು, ಹೊರಗೆ ಬಸ್ಸು ತಪ್ಪಿಸಿಕೊಳ್ಳುವ ಜನ, ಎರಡನ್ನೂ ಕಂಡಂತೆ ಬರೆದೆ. ಡಾಕ್ಟರು ಓದಿ, ಸಿಸ್ಟರ್ ಹಿಡಿದು ನಿಂತಿದ್ದ ಬೋರ್ಡನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. "ಮೂರೂ ನಿಮ್ಮವೇನಾ? ಬೋರ್ಡು, ಕಂಪ್ಲೇಂಟು, ಇದು?" ನಾನು ತಲೆ ತಗ್ಗಿಸಿದೆ. "ಮೂರನೇದು ಚೆನ್ನಾಗಿದೆ" ಎಂದರು. ಸಿಸ್ಟರ್ ಅಷ್ಟರಲ್ಲೇ ಮೊಳೆಯ ಕಡೆ ಹೊರಟಿದ್ದರು.

ಅರವತ್ತೆರಡಕ್ಕೆ ಇನ್ನೂ ಬಹಳ ಹೊತ್ತಿತ್ತು. ಅತ್ತೆ ಚಿತ್ರಾನ್ನ ತಿಂದು ಗೋಡೆಗೊರಗಿ ತೂಕಡಿಸುತ್ತಿದ್ದರು. ಸಿಸ್ಟರ್ ಎರಡು ಲೋಟ ಚಹಾ ತಂದು ಬೆಂಚಿನ ಮೇಲೆ ನನ್ನ ಎಡಕ್ಕಿಟ್ಟರು. ಕೈ ಚಾಚಿದೆ, ಲೋಟ ಉರುಳಿತು.

"ಅಯ್ಯೋ, ನನ್ನ ಅಜಾಗರೂಕತೆ" ಎಂದೆ.

ಅವರು ಒರೆಸಲಿಲ್ಲ. ನನ್ನನ್ನೇ ನೋಡುತ್ತಿದ್ದರು. "ಹೋದ ತಿಂಗಳೂ ಹಿಂಗೇ ಮಾಡಿದ್ರಿ. ಮನೇಲಿ ಬಾಗಿಲು ತಾಕುತ್ತಾ?"

ತಾಕುತ್ತಿತ್ತು. ಎಡ ಮೊಣಕೈಯಲ್ಲಿ ಸದಾ ಒಂದು ನೀಲಿಗಟ್ಟಿದ ಕಲೆ ಇರುತ್ತಿತ್ತು. ಅಡುಗೆಮನೆ ಚಿಕ್ಕದು, ಅವಸರ ಎಂದುಕೊಂಡಿದ್ದೆ.

"ಹೆಂಗೂ ಕುಂತಿದೀರಿ. ಬರ್ರಿ, ನಿಮ್ಮ ಕಣ್ಣೂ ನೋಡಾಣ."

"ನನಗೆ ಏನೂ ಆಗಿಲ್ಲ ಸಿಸ್ಟರ್. ಸೂಜಿಗೆ ದಾರ ಕನ್ನಡಕ ಇಲ್ಲದೇ ಪೋಣಿಸ್ತೀನಿ."

"ದಾರ ನಡುಮಧ್ಯ ಕಾಣ್ತೈತೆ. ಈ ಕಳ್ಳ ಬರೋದು ಪಕ್ಕದ ಗೋಡೆ ಹಾರಿ. ಬರ್ರಿ."

ಗಲ್ಲವನ್ನು ಯಂತ್ರದ ಮೇಲಿಡಿಸಿದರು. ಆ ತಣ್ಣನೆಯ ಬೆರಳು ಮೊದಲ ಸಲ ನನ್ನ ರೆಪ್ಪೆಯನ್ನು ಮುಟ್ಟಿತು. ಆಮೇಲೆ ಒಂದು ಬಿಳಿಯ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು ಕೂರಿಸಿದರು. ಅಲ್ಲಲ್ಲಿ ಬೆಳಕಿನ ಚುಕ್ಕಿ ಹೊಳೆದಾಗ ಗುಂಡಿ ಒತ್ತಬೇಕು. ನಾನು ಎಲ್ಲವನ್ನೂ ಒತ್ತಿದೆನೆಂದೇ ಭಾವಿಸಿದ್ದೆ. ಹೊರಬಂದ ಹಾಳೆಯಲ್ಲಿ ಎಡಗಡೆಯ ಅಂಚು ಕಪ್ಪಗಿತ್ತು. ಡಾಕ್ಟರು ನೋಡಿ, ಅತ್ತೆಯ ಕಾಯಿಲೆಯೇ ನನಗೂ ಎಂದರು.

ಸಣ್ಣಪುಟ್ಟದ್ದೂ ನನ್ನ ಕಣ್ಣಿಗೆ ಬೀಳುತ್ತದೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಬೇಳೆಯಲ್ಲಿ ಒಂದೇ ಒಂದು ಕಲ್ಲಿದ್ದರೂ, ಕಾಲರಿನ ದಾರ ಎದ್ದಿದ್ದರೂ ನನಗೇ ಮೊದಲು ಕಾಣುವುದು. ಅಂಥ ನನ್ನ ಎಡಗಡೆಯ ಲೋಕ ಸದ್ದಿಲ್ಲದೆ ಕರಗುತ್ತಿದ್ದುದು ನನಗೆ ಕಂಡಿರಲಿಲ್ಲ. ಅಷ್ಟು ಜನರ ಗದ್ದಲದ ನಡುವೆ, ಉರುಳಿದ ಒಂದು ಚಹಾ ಲೋಟದಲ್ಲಿ ಅವರಿಗೆ ಕಂಡಿತು. ನಾನು ಯಾವ ಕಾಯುವಿಕೆಯ ವಿರುದ್ಧ ನ್ಯಾಯ ಕೇಳಿ ಬರೆದಿದ್ದೆನೋ, ಅದೇ ಕಾಯುವಿಕೆಯಲ್ಲಿ ಕುಳಿತಿದ್ದರಿಂದ ಕಂಡಿತು.

"ಹೋಗಿದ್ದು ಬರಲ್ಲ" ಎಂದರು ಸಿಸ್ಟರ್, ನನ್ನ ಕೈ ಹಿಡಿದುಕೊಂಡು. "ಇರೋದನ್ನ ಕಾಯಾಣ. ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ. ತಪ್ಪಂಗಿಲ್ಲ. ಮತ್ತೆ ಎಡಕ್ಕೆ ಯಾರಾದ್ರೂ ಬಂದಂಗೆ ಅನ್ನಿಸಿದ್ರೆ ಕಣ್ಣು ಹೊರಳಿಸಬ್ಯಾಡ್ರಿ, ಕುತ್ತಿಗೆ ಪೂರಾ ತಿರುಗಿಸಿ ನೋಡ್ರಿ. ನಾಚ್ಕಬ್ಯಾಡ್ರಿ."

ಎಚ್ಚರವಾಗಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಂದು ಮನೆಗೆ ಹೋಗುವಾಗ ಅವರು ನನ್ನ ಎಡಗಡೆಗೆ ಬಂದು ನಡೆದರು.

ಪೊರಕೆಯ ಅಜ್ಜಿ ಮುಂದಿನ ತಿಂಗಳು ಎರಡು ಪೊರಕೆ ತಂದರು. ಒಂದು ಸಿಸ್ಟರ್‌ಗೆ, ಒಂದು ಟೋಕನ್ ಕೊಟ್ಟ ನಮ್ಮತ್ತೆಗೆ. ಕಾಗದ ಬರೆದವಳು ನಾನೇ ಎಂದು ಹೇಳಿದೆ. ಬಲಗಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. "ಹೌದಾ? ಹಂಗಾರೆ ನಿನಗೂ ಒಂದು ತರಬೇಕು, ಮನಸ್ಸು ಗುಡಿಸ್ಕೊಳ್ಳೋಕೆ" ಎಂದು ಬೊಚ್ಚು ಬಾಯಲ್ಲಿ ನಕ್ಕರು. ಸಿಸ್ಟರ್ ಎಷ್ಟು ನಕ್ಕರೆಂದರೆ ಒಳಗಿನಿಂದ ಡಾಕ್ಟರು ಗಂಟೆ ಒತ್ತಿದರು.

ಆಮೇಲೆಯೂ ನಾನು ಆ ಬೆಂಚುಗಳ ಆಸುಪಾಸಿನಲ್ಲೇ ಇದ್ದೆ. ಎಂಟಕ್ಕೆ ಬಂದವರಿಗೆ ಎಷ್ಟು ಹೊತ್ತಾಗಬಹುದು, ಯಾಕೆ ಆಗುತ್ತದೆ ಎಂದು ಹೇಳಿ ಕೂರಿಸುವ ಕೆಲಸ ನನ್ನದಾಯಿತು. ಹಸಿದವರಿಗೆ ತಿಂಡಿ ತಿಂದು ಬರಲು ಹೇಳುವುದೂ. ಸಿಸ್ಟರ್ ನಿವೃತ್ತರಾದ ದಿನ ಭಾಷಣಗಳ ನಡುವೆಯೇ ಎದ್ದು, "ಐದು ಗಂಟೆ ಬಸ್ಸೈತೆ" ಎಂದು ಹಾರ ತೆಗೆದಿಟ್ಟು ಹೊರಟರು.

ಹೋದ ವರ್ಷದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹೃದಯದ ತೊಂದರೆಯಂತೆ. ನನಗೆ ತಿಳಿದದ್ದು ತಡವಾಗಿ. ಶಿವಗಣಾರಾಧನೆಯ ದಿನ ಹೊಳಲ್ಕೆರೆಯ ಬಸ್ಸು ಹತ್ತಿದೆ. ಮನೆಯ ಮುಂದೆ ಶಾಮಿಯಾನ, ಮೂರು ತಾಲ್ಲೂಕುಗಳಿಂದ ಬಂದ ಜನ. ಎಷ್ಟೋ ಜನರ ಕಣ್ಣಿಗೆ ಕಪ್ಪು ಕನ್ನಡಕ, ಎಷ್ಟೋ ಜನರ ಜೇಬಿನಲ್ಲಿ ಹನಿಯ ಬಾಟಲಿ. ಫೋಟೋದ ಮುಂದೆ ನಿಂತಾಗ ನನಗೆ ಅವರ ಮುಖಕ್ಕಿಂತ ಫೋಟೋದಲ್ಲಿಲ್ಲದ ಆ ಬೆರಳೇ ನೆನಪಾಯಿತು.

ಊಟಕ್ಕೆ ಎಲೆ ಹಾಕುತ್ತಿದ್ದರು. ಅವರ ತಮ್ಮನಿರಬೇಕು, ಅವರದೇ ಕುಳ್ಳನೆಯ ಮೈಕಟ್ಟು, ಹೆಗಲ ಮೇಲೆ ಟವೆಲ್ಲು. ಜನರ ನಡುವೆ ಓಡಾಡುತ್ತ ಒಬ್ಬೊಬ್ಬರನ್ನೇ ಕೇಳುತ್ತಿದ್ದರು. "ನೀವು ಯಾವ ಬಸ್ಸಿಗೆ? ಹೊಸದುರ್ಗದೋರು ಮೊದಲ್ನೇ ಪಂಕ್ತಿಗೆ ಬರ್ರಿ. ಹಿರಿಯೂರಿನೋರು ಎರಡನೇದಕ್ಕೆ ಕುಂತ್ಕಳ್ರಿ." ನನ್ನ ಮುಂದೆಯೂ ಬಂದು ನಿಂತರು. "ಯಾವ ಬಸ್ಸಿಗೆ ಹೋಗ್ತೀರಮ್ಮ?"

"ದುರ್ಗದ ಬಸ್ಸಿಗೆ. ಎಷ್ಟೊತ್ತಿಗೂ ಸಿಗುತ್ತೆ."

"ಹಂಗಾರೆ ಕೊನೇ ಪಂಕ್ತಿ ಆಗಬೌದಾ? ಬೇಸರ ಮಾಡ್ಕಬ್ಯಾಡ್ರಿ."

ಇಲ್ಲವೆಂದೆ. ಜಗಲಿಯ ಕಂಬಕ್ಕೊರಗಿ ಕುಳಿತೆ. ಎರಡು ಪಂಕ್ತಿ ಎದ್ದು, ಜನ ಕೈ ತೊಳೆದು, ಅವಸರದಲ್ಲಿ ಚಪ್ಪಲಿ ಹುಡುಕಿ, ಬಸ್ಸಿಗೆ ಹೊರಟರು. ಯಾರ ಬಸ್ಸೂ ತಪ್ಪಲಿಲ್ಲ. ಎಡಗಣ್ಣಿನ ಅಂಚಿನ ಮಂಜು ಅವರು ಕಂಡುಹಿಡಿದ ದಿನ ಎಲ್ಲಿತ್ತೋ ಅಲ್ಲೇ ನಿಂತಿದೆ, ಒಂದು ನೂಲಿನಷ್ಟೂ ಮುಂದೆ ಬಂದಿಲ್ಲ. ಬೆಳಿಗ್ಗೆ, ಸಂಜೆ ಉಂಗುರಬೆರಳಿನಿಂದ ರೆಪ್ಪೆ ಜಗ್ಗಿ ನಾನೇ ಹನಿ ಹಾಕಿಕೊಳ್ಳುತ್ತೇನೆ. ಬೆರಳು ಮಾತ್ರ ಅಷ್ಟು ತಣ್ಣಗಿರುವುದಿಲ್ಲ.

ಕೊನೆಯ ಪಂಕ್ತಿಗೆ ಕರೆದರು. ಎಲೆಯ ಮುಂದೆ ಕುಳಿತೆ. ಎಡಗಡೆಯ ಎಲೆಗೆ ಯಾರೋ ಬಂದು ಕುಳಿತ ಸದ್ದಾಯಿತು. ನಾಚಿಕೊಳ್ಳದೆ, ಕುತ್ತಿಗೆಯನ್ನು ಪೂರ್ತಿ ತಿರುಗಿಸಿ ನೋಡಿದೆ.

ಖಾಕಿ ಅಂಗಿ, ಜೇಬಿಗೆ ದಾರ ಕಟ್ಟಿ ಸಿಕ್ಕಿಸಿದ ಸೀಟಿ. "ಡ್ಯೂಟಿ ಮುಗಿಸ್ಕೊಂಡು ಬಂದೆ ಕಣಮ್ಮ" ಎಂದರು ಬೆಳಗಿನ ಬಸ್ಸಿನ ಆ ಕಂಡಕ್ಟರು. "ಬೆಳಿಗ್ಗೆ ಸಿಸ್ಟರಮ್ಮನ ಸ್ಟಾಪಲ್ಲಿ ಈಗಲೂ ಒಂದು ಗಳಿಗೆ ನಿಲ್ಲಿಸ್ತೀನಿ. ಕೈ ಸೀಟಿಗೆ ಹೋಗಲ್ಲ."